ಹೆಸರು ಹೊತ್ತ ಕಲ್ಲುಗಳು

ಡೆನ್ಮಾರ್ಕಿಗೆ ಮೊದಲ ಸಲ ಹೊರಟವರಿಗೆ ಎಲ್ಲರೂ ಕೋಪನ್‌ಹೇಗನ್ನಿನ ಹೆಸರನ್ನೇ ಹೇಳುತ್ತಾರೆ. ಯೆಲಿಂಗ್ ಎಂಬ ಸಣ್ಣ ಊರನ್ನೂ ನೋಡಿ ಬನ್ನಿ ಎನ್ನುವುದು ನನ್ನ ಆಸೆ. 10ನೇ ಶತಮಾನದ ದೊರೆ ಹರಾಲ್ಡ್ ಅಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಡೆನ್ಮಾರ್ಕ್ ಎಂಬ ಹೆಸರಿದೆ. ಮಳೆಗಾಳಿ ತಾಗದಂತೆ ಅದನ್ನು ಗಾಜಿನೊಳಗಿಟ್ಟು ಕಾಪಾಡುತ್ತಿದ್ದಾರೆ.

ಹೀಗೆ ಹೆಸರು ಹೊತ್ತ, ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಕಲ್ಲು ನಮ್ಮಲ್ಲಿದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅಲ್ಲಿನ ಬಂಡೆಯ ಬ್ರಾಹ್ಮಿ ಅಕ್ಷರಗಳು ಬಿದ್ದವು. ಅದುವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ದೊರೆಯ ಹೆಸರಿನ ಬದಲು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಇಲ್ಲಿ ‘ಅಶೋಕ’ ಎಂದೇ ಇತ್ತು. ಆ ದೊರೆ ಯಾರೆಂಬ ಚರ್ಚೆಗೆ ನಮ್ಮ ಮಸ್ಕಿಯೇ ಉತ್ತರ ಕೊಟ್ಟಿತು! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನಕ್ಕಿಂತ ನನಗೆ ಈ ಹೆಸರೇ ದೊಡ್ಡದು.

ಮಸ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಕ್ಷರಗಳ ಮೇಲೆ ಕೈಯಾಡಿಸಬೇಡಿ, ಸುತ್ತಲಿನ ಬಂಡೆಗಳ ಮೇಲೆ ಹೆಸರು ಗೀಚಬೇಡಿ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಉನ್ನತಿ ಸಾಧ್ಯ, ಇದನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಬೇಕು ಎಂಬುದು ಆ ಶಾಸನದ ಆಶಯ. ಅದನ್ನು ಅಲ್ಲಿಯೇ ನಿಂತು ಮಕ್ಕಳಿಗೆ ಹೇಳಿ.