ಚೀಟಿ ಬರೆಯುವ ಕೈ, ಬಿಲ್ಲು ಬರೆಯುವ ಕೈ



ವೈದ್ಯರ ಸಮ್ಮೇಳನದ ಅಧ್ಯಕ್ಷನಾದವನು ವೈದ್ಯವೃತ್ತಿಯ ಪಾವಿತ್ರ್ಯವನ್ನು ಕೊಂಡಾಡಬೇಕೆಂಬುದು ರೂಢಿ. ಆ ಕೆಲಸವನ್ನು ಸ್ವಾಗತ ಭಾಷಣದಲ್ಲೇ ಚೆನ್ನಾಗಿ ಮಾಡಿಬಿಟ್ಟಿದ್ದಾರೆ. ಹಾಗಾಗಿ ನಾನು ನೇರವಾಗಿ ದುಡ್ಡಿನ ವಿಚಾರಕ್ಕೆ ಬರುತ್ತೇನೆ. ಡ್ಯೂಟಿ ರೂಮಿನಲ್ಲಿ, ಕ್ಯಾಂಟೀನಿನಲ್ಲಿ ನಾವೆಲ್ಲ ಆಡಿಕೊಳ್ಳುವ, ಮೈಕಿನ ಮುಂದೆ ಮಾತ್ರ ನುಂಗಿಕೊಳ್ಳುವ ವಿಚಾರ ಅದು.

2017ರ ಫೆಬ್ರವರಿ ನಿಮಗೆ ನೆನಪಿರಬೇಕು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ ಸ್ಟೆಂಟಿಗೆ 7,260. ಅಲ್ಲಿಯವರೆಗೆ ಔಷಧಲೇಪಿತ ಸ್ಟೆಂಟಿಗೆ ಲಕ್ಷದ ಮೇಲೆ ಬೆಲೆ ತೆತ್ತವರೇ ಹೆಚ್ಚು. ದೆಹಲಿಯ ವಕೀಲರೊಬ್ಬರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಶುರುವಾದ ಕಥೆ ಇದು. ನಮ್ಮ ಯಾವ ವೈದ್ಯ ಸಂಘವೂ ಮೊದಲು ಬಾಯಿ ಬಿಡಲಿಲ್ಲ. ಆಗ ಪ್ರಾಧಿಕಾರ ಪ್ರಕಟಿಸಿದ ಅಂಕಿಅಂಶ ನೋಡಿದರೆ, ಕಾರ್ಖಾನೆಯಿಂದ ರೋಗಿಯ ರಕ್ತನಾಳದವರೆಗಿನ ಆ ಪ್ರಯಾಣದಲ್ಲಿ ಅತಿ ದೊಡ್ಡ ಲಾಭ ಸೇರಿಕೊಂಡಿದ್ದು ಆಸ್ಪತ್ರೆಯ ಹಂತದಲ್ಲಿ.

ಮರುವರ್ಷ ಅದೇ ಪ್ರಾಧಿಕಾರ ದೆಹಲಿ ಸುತ್ತಮುತ್ತಲಿನ ನಾಲ್ಕು ದೊಡ್ಡ ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿತು. ಕೆಲವು ಸಾಮಾನುಗಳ ಮೇಲೆ ಲಾಭ ಶೇ. 1,737ರವರೆಗೆ ಹೋಗಿತ್ತು. ಇದರ ಒಳಗುಟ್ಟು ಸರಳ. ಸಂತೆಯಲ್ಲಿ ಬೆಲೆ ಏರಿಸಿದವನು ಗಿರಾಕಿ ಕಳೆದುಕೊಳ್ಳುತ್ತಾನೆ. ಆಸ್ಪತ್ರೆಯೊಳಗೆ ಲೆಕ್ಕ ತಿರುಗುಮುರುಗು. ಕಂಪನಿಯಿಂದ ಕೊಳ್ಳುವುದು ಆಸ್ಪತ್ರೆ, ದುಡ್ಡು ಕೊಡುವುದು ರೋಗಿ. ಡಬ್ಬಿಯ ಮೇಲೆ ಎಂಆರ್‌ಪಿ ಎಷ್ಟು ಹೆಚ್ಚಿದೆಯೋ ಅಷ್ಟೂ ಕೊಳ್ಳುವವನಿಗೆ ಲಾಭ. ಆದ್ದರಿಂದ ಕಂಪನಿಗಳು ಪೈಪೋಟಿಗೆ ಬಿದ್ದು ಎಂಆರ್‌ಪಿ ಏರಿಸುತ್ತವೆ. ಹೊರಗಿನ ಮೆಡಿಕಲ್ ಶಾಪಿನಿಂದ ತರುತ್ತೇನೆಂದರೆ ರೋಗಿಯ ಕಡೆಯವರಿಗೆ ಬಿಡುವವರು ಎಷ್ಟು ಮಂದಿ? ಡ್ರಿಪ್ ಸೆಟ್ಟು, ಕ್ಯಾನುಲಾ, ಸಿರಿಂಜು, ಗ್ಲೌಸು: ಇವುಗಳಿಗೆ ಬ್ರಾಂಡ್ ನೋಡಿ ಆರಿಸುವವರಿಲ್ಲ, ಚೌಕಾಸಿಯೂ ಇಲ್ಲ. ಡಿಸ್ಚಾರ್ಜ್ ದಿನ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಬಿಲ್ಲನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದ ರೈತರೊಬ್ಬರು ನನ್ನನ್ನು ಕೇಳಿದರು: "ಡಾಕ್ಟ್ರೇ, ಮೂರು ದಿನಕ್ಕೆ ಇಷ್ಟೊಂದು ಜೊತೆ ಗ್ಲೌಸು ಬರ್ದವ್ರಲ್ಲ, ನಮ್ಮಪ್ಪನ್ನ ಮುಟ್ಟಿದೋರು ಎಷ್ಟು ಜನ?" ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು.

ನನ್ನ ವಾದ ಇಷ್ಟೇ. ವೈದ್ಯರು ದುರಾಸೆಯವರಾದರು ಎಂಬ ಗೊಣಗಾಟದಿಂದ ಏನೂ ಹುಟ್ಟುವುದಿಲ್ಲ. ಆಸೆ ಹಿಂದೆಯೂ ಇತ್ತು. ಚಿಕಿತ್ಸೆ ತೀರ್ಮಾನಿಸುವ ಕೈಗೇ ಅದರಿಂದ ಬರುವ ಲಾಭವನ್ನೂ ಕೊಟ್ಟಿದ್ದೇವಲ್ಲ, ರೋಗ ಇರುವುದು ಆ ಏರ್ಪಾಟಿನಲ್ಲಿ. ಒಳ್ಳೆಯವನೂ ಅದರಲ್ಲಿ ನಿಧಾನಕ್ಕೆ ಬಾಗುತ್ತಾನೆ.

ಕಟ್ ಪ್ರಾಕ್ಟೀಸ್ ಇದರ ಅತಿ ಹಳೆಯ ರೂಪ. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಪಡೆಯುವುದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಸ್ಪಷ್ಟವಾಗಿ ನಿಷೇಧಿಸಿದೆ. 2017ರಲ್ಲಿ ಮಹಾರಾಷ್ಟ್ರ ಇದಕ್ಕೆಂದೇ ಮಸೂದೆಯ ಕರಡನ್ನೂ ಸಿದ್ಧಪಡಿಸಿತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಮಿಷನ್ನಿನ ಲಕೋಟೆ ಮಾತ್ರ ಓಡಾಡುತ್ತಲೇ ಇದೆ. ಸ್ಕ್ಯಾನಿಂಗ್ ಸೆಂಟರಿನವರು ಅದನ್ನು ತಮ್ಮ ಜೇಬಿನಿಂದ ಕೊಡುವುದಿಲ್ಲ, ದರದಲ್ಲೇ ಸೇರಿಸಿರುತ್ತಾರೆ. ಕಮಿಷನ್ ಬೇಡವೆನ್ನುವ ವೈದ್ಯರು ಬೇಕಾದಷ್ಟಿದ್ದಾರೆ. ಅವರ ರೋಗಿಗೂ ಅದೇ ದರ ಬೀಳುತ್ತದೆ ಎಂಬುದನ್ನು ಗಮನಿಸಿ.

ಈಗ ಸ್ವಲ್ಪ ಕಹಿ ಮಾತು. 2017ರ ನವೆಂಬರಿನಲ್ಲಿ ಬೆಳಗಾವಿಯ ಚಳಿಗಾಲದ ಅಧಿವೇಶನದ ಹೊತ್ತಿಗೆ ನಾವು ಬೀದಿಗಿಳಿದೆವು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ತಿದ್ದುಪಡಿಯಲ್ಲಿ ವೈದ್ಯರನ್ನು ಜೈಲಿಗೆ ಹಾಕುವ ಅಂಶಗಳಿದ್ದವು. ಅದನ್ನು ವಿರೋಧಿಸಿದ್ದು ಸರಿಯೇ ಎಂದು ಇವತ್ತಿಗೂ ನಂಬಿದ್ದೇನೆ. ರಾಜ್ಯದ ಖಾಸಗಿ ಒಪಿಡಿಗಳು ಮುಚ್ಚಿದವು, ಸರ್ಕಾರ ಮಸೂದೆಯನ್ನು ಮೆತ್ತಗೆ ಮಾಡಿತು, ನಾವು ಗೆದ್ದೆವು. ಗೆದ್ದ ಮೇಲೆ ಏನು ಮಾಡಿದೆವು? "ಕಾನೂನು ಬೇಡ, ನಾವೇ ಸರಿಪಡಿಸಿಕೊಳ್ಳುತ್ತೇವೆ" ಎಂದವರು ಸರಿಪಡಿಸಿಕೊಳ್ಳಬೇಕಿತ್ತು. ದರಪಟ್ಟಿ ಪ್ರದರ್ಶಿಸಬೇಕೆಂಬ ನಿಯಮ ಮೊದಲಿನಿಂದಲೂ ಇದೆ. ಆ ಬೋರ್ಡನ್ನು ಹುಡುಕಲು ಹಲವು ಕಡೆ ಹೂಕುಂಡ ಸರಿಸಬೇಕು. ಸಿಕ್ಕರೂ ಅದು ಇಂಗ್ಲಿಷಿನಲ್ಲಿರುತ್ತದೆ.

ವಿಮೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ವಿಮೆಯ ವಿಚಾರದಲ್ಲಿ ಕರ್ನಾಟಕ ಹೆಮ್ಮೆಪಡಬೇಕು. ಸಹಕಾರ ಸಂಘಗಳ ರೈತರು ತಿಂಗಳಿಗೆ ಐದೇ ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಪಡೆದ ಯಶಸ್ವಿನಿ ಹುಟ್ಟಿದ್ದು ಇಲ್ಲಿ. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀಯಿಂದ ಉತ್ತರ ಕರ್ನಾಟಕದ ಬಡವರ ಸಾವು ಇಳಿದದ್ದನ್ನು, ಯೋಜನೆ ತಲುಪಿದ ಮತ್ತು ತಲುಪದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿದ್ದಾರೆ. ಇಂದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಒಪ್ಪಿದೆ. ಆದರೆ ಈ ಯೋಜನೆಗಳ ಪ್ಯಾಕೇಜು ದುಡ್ಡು ಕೊಡುವುದು ಕತ್ತರಿ ಹಾಕಿದ್ದಕ್ಕೆ. "ಈಗ ಆಪರೇಷನ್ ಬೇಡ, ಆರು ತಿಂಗಳು ನೋಡೋಣ" ಎಂದು ಅರ್ಧ ಗಂಟೆ ಕೂತು ವಿವರಿಸಿದವನಿಗೆ ಯಾವ ಪ್ಯಾಕೇಜೂ ಇಲ್ಲ.

ಕತ್ತರಿಗೆ ಮಾತ್ರ ದುಡ್ಡು ಸಿಗುವ ಏರ್ಪಾಟಿಗೆ ಬೆಲೆ ತೆತ್ತವರು ಹೆಣ್ಣುಮಕ್ಕಳು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರ ಹೋರಾಟ ನಮ್ಮ ಪತ್ರಿಕೆಗಳಲ್ಲೇ ಬಂದಿದೆ. ಬಿಳಿಸೆರಗು, ಹೊಟ್ಟೆನೋವು ಎಂದು ಬಂದವರಿಗೆ ಸ್ಕ್ಯಾನಿಂಗ್ ಮಾಡಿ, ಕ್ಯಾನ್ಸರ್ ಆದೀತೆಂದು ಹೆದರಿಸಿ ಗರ್ಭಕೋಶ ತೆಗೆದುಬಿಟ್ಟರು ಎಂಬುದು ಅವರ ದೂರು. ಅವರಲ್ಲಿ ಇನ್ನೂ ನಲವತ್ತು ದಾಟದವರಿದ್ದರು. ಹಸ್ತಾಕ್ಷರವೋ ಹೆಬ್ಬೆಟ್ಟೋ ಪಡೆದ ಒಪ್ಪಿಗೆ ಪತ್ರ ಕಡತದಲ್ಲಿದ್ದರೆ ನೀತಿ ಮುಗಿಯಿತೆಂದು ತಿಳಿಯುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಛೀಮಾರಿ ಬೇಕಿಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆಲ್ಲ ಹೇಳಬೇಕಾಯಿತು.

ಸಾಲ ಮಾಡಿ ಓದಿದ ವೈದ್ಯನ ಕಷ್ಟವನ್ನೂ ಹೇಳದಿದ್ದರೆ ಹಿಂದಿನ ಸಾಲುಗಳಲ್ಲಿ ಕೂತಿರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅನ್ಯಾಯವಾದೀತು. ವೈದ್ಯಕೀಯ ಸೀಟಿನ ಶುಲ್ಕದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದ 1992ರ ಮೋಹಿನಿ ಜೈನ್ ಪ್ರಕರಣ ಎದ್ದದ್ದೇ ನಮ್ಮ ತುಮಕೂರಿನ ಖಾಸಗಿ ಸೀಟೊಂದರಿಂದ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಹೊರರಾಜ್ಯದವರಿಗೆ 60,000. ಆಗ ಅದೇ ಹಗರಣ ಅನ್ನಿಸಿತ್ತು! ಈಗಿನ ಮೊತ್ತಗಳನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಆ ದುಡ್ಡು ಕೊನೆಗೆ ಯಾರ ಬಿಲ್ಲಿನಲ್ಲಿ ಬರುತ್ತದೆ ಎಂಬುದನ್ನೂ.

ಇನ್ನು ಸಾವಿನ ವಿಚಾರ. ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೊಬ್ಬನ ಅತ್ಯಾಚಾರಕ್ಕೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡವರು 2015ರ ಮೇ ತಿಂಗಳವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಹಾಸಿಗೆ ತೆರವು ಮಾಡಿಸಲು ಎಂಬತ್ತರ ದಶಕದಲ್ಲಿ ಪಾಲಿಕೆ ಹೊರಟಾಗ ದಾದಿಯರೇ ಅಡ್ಡನಿಂತರು. ಬಾಯಿಗೆ ಗಂಜಿ ಹಾಕುತ್ತಾ, ಮಗ್ಗಲು ತಿರುಗಿಸುತ್ತಾ ಅವರು ನೋಡಿಕೊಂಡದ್ದಕ್ಕೆ ಬಿಲ್ಲು ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಅರ್ಜಿಯನ್ನು ತಳ್ಳಿಹಾಕುವಾಗ ಆ ದಾದಿಯರ ಇಚ್ಛೆಯನ್ನೇ ಮುಖ್ಯವಾಗಿ ಎಣಿಸಿತು. ಅರುಣಾ ಬದುಕಬೇಕಿತ್ತೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ವಾರ್ಡಿನಲ್ಲಿ ಉತ್ತರ ಹೇಳಿದವರಿಗೆ ಅರುಣಾ ಅವರ ಉಸಿರಿನಿಂದ ಒಂದು ಪೈಸೆಯ ಲಾಭವಿರಲಿಲ್ಲ.

ನಮ್ಮ ಐಸಿಯುಗಳಲ್ಲಿ ಪ್ರಶ್ನೆ ಹಾಗೆ ಬರುವುದಿಲ್ಲ. ವೆಂಟಿಲೇಟರಿನ ದಿನಬಾಡಿಗೆ ಏರುತ್ತಿರುತ್ತದೆ, ಮಗ ಹೊಲದ ಪಹಣಿ ಹಿಡಿದು ಬ್ಯಾಂಕಿಗೆ ಓಡುತ್ತಿರುತ್ತಾನೆ, ನಾವು "ನಮ್ಮ ಪ್ರಯತ್ನ ನಾವು ಮಾಡ್ತಿದ್ದೀವಿ" ಎನ್ನುತ್ತೇವೆ. ದಯಾಮರಣದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2018ರ ತೀರ್ಪು ಮತ್ತು 2023ರಲ್ಲಿ ಅದನ್ನು ಸರಳಗೊಳಿಸಿದ ಆದೇಶದ ಪ್ರಕಾರ 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ, ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು ಜಾರಿಗೆ ತಂದಿದೆ. ಅದರಲ್ಲಿ ನನಗೆ ಮೆಚ್ಚುಗೆಯಾದ ಅಂಶ, ಎರಡು ವೈದ್ಯ ಮಂಡಳಿಗಳು ನೋಡಬೇಕು, ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರೊಬ್ಬರು ಇರಲೇಬೇಕು. ಬಿಲ್ಲಿನ ಜೊತೆ ಸಂಬಂಧವಿಲ್ಲದ ಒಂದು ಜೊತೆ ಕಣ್ಣು. ಸಾಯುವವನಿಗೆ ಸಿಕ್ಕ ಈ ಸವಲತ್ತು ಬದುಕುವವನಿಗೂ ಯಾಕೆ ಸಿಗಬಾರದು? ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು, ಆ ಆಸ್ಪತ್ರೆಯ ಸಂಬಳ ತಿನ್ನದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ನಾವೇ ಹೇಳಿ ಕಳಿಸಿದರೆ ಮಾನ ಹೋಗುತ್ತದೆಯೇ?

ಮಧ್ಯಾಹ್ನದ ಗೋಷ್ಠಿಗೆ ನಾನೊಂದು ನಿರ್ಣಯ ಮಂಡಿಸುತ್ತಿದ್ದೇನೆ. ನಮ್ಮ ಸದಸ್ಯರ ಆಸ್ಪತ್ರೆಗಳಲ್ಲಿ ಔಷಧಿ ಮತ್ತು ಸಾಮಗ್ರಿಗಳಿಗೆ ಕೊಂಡ ಬೆಲೆಯ ಮೇಲೆ ನಿಗದಿತ ಲಾಭ ಮಾತ್ರ ಹಾಕಬೇಕು, ಎಂಆರ್‌ಪಿ ಅಲ್ಲ. ಅದರಿಂದ ತಗ್ಗುವ ವರಮಾನಕ್ಕೆ ವೈದ್ಯರ ಮತ್ತು ದಾದಿಯರ ಶುಲ್ಕವನ್ನು ಬಹಿರಂಗವಾಗಿ ಏರಿಸಿಕೊಳ್ಳೋಣ. ನಮ್ಮ ದುಡಿಮೆಗೆ ಬೆಲೆ ಕೇಳಲು ನಾಚಿ ಗ್ಲೌಸಿನಲ್ಲಿ ಅಡಗಿಸುವುದು ಬೇಡ. ಅಡ್ಮಿಟ್ ಮಾಡುವಾಗಲೇ ಅಂದಾಜು ಖರ್ಚನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಸ್ಕ್ಯಾನಿಂಗ್ ಸೆಂಟರು, ಲ್ಯಾಬುಗಳು ಕಮಿಷನ್ ಮೊತ್ತವನ್ನು ರೋಗಿಯ ಬಿಲ್ಲಿನಲ್ಲೇ ಕಳೆಯಬೇಕೆಂದು ಜಿಲ್ಲಾ ಶಾಖೆಗಳು ಪತ್ರ ಬರೆಯಬೇಕು. ಹಾಗೆಯೇ, ಯೋಜನೆಗಳ ಹಣವನ್ನು ಸರ್ಕಾರ ತಿಂಗಳುಗಟ್ಟಲೆ ಬಾಕಿ ಇಟ್ಟು ಸಣ್ಣ ಆಸ್ಪತ್ರೆಗಳನ್ನು ಸೊರಗಿಸುವುದು ನಿಲ್ಲಬೇಕೆಂಬ ಒತ್ತಾಯವೂ ಅದೇ ನಿರ್ಣಯದಲ್ಲಿದೆ.

ವಿರೋಧ ಬರುತ್ತದೆಂದು ಗೊತ್ತು. ನಿನ್ನೆ ರಾತ್ರಿಯೇ ಇಬ್ಬರು ಗೆಳೆಯರು, ಒಬ್ಬರು ಐವತ್ತು ಹಾಸಿಗೆಯ ಆಸ್ಪತ್ರೆ ನಡೆಸುವವರು, ನನ್ನ ಕೋಣೆಗೆ ಬಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಲೆಕ್ಕವನ್ನು ಗೋಷ್ಠಿಯಲ್ಲೇ ಮುಂದಿಡಲಿ. ತಿದ್ದುಪಡಿ ಸೂಚಿಸುವವರು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳಿಗೆ ಬರೆದು ಕೊಡಿ.