ನಷ್ಟವಾದ ಮನೆಗೆ ಮೊದಲು ಹೊದಿಕೆ, ಜೊತೆಗೇ ಲೆಕ್ಕ

(ಬ್ಲಾಕಿನ ಗ್ರಾಮವೊಂದರ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ಬೀಜೋಪಚಾರದ ಮಾತುಗಳನ್ನು ಈ ಸಭೆಯಲ್ಲಿ ನೀವು ಹಲವು ಸಲ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಬೇರೊಂದು ವಿಷಯ. ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಮನೆಯ ಹೆಂಚು ಹಾರಿತು, ತೊಲೆ ಮುರಿಯಿತು, ಒಂದು ಗೋಡೆ ಬಿರುಕು ಬಿಟ್ಟಿತು ಎಂದಿಟ್ಟುಕೊಳ್ಳಿ. ಮನೆಗೆ ವಿಮೆ ಮಾಡಿಸಿದ್ದೀರಿ. ವಿಮಾ ಕಂಪನಿಯವರು ಬಂದು ನೋಡುವುದಕ್ಕೆ ಒಂದೆರಡು ದಿನವಾದರೂ ಬೇಕು. ಮಳೆ ಮಾತ್ರ ಕಾಯುವುದಿಲ್ಲ. ಈ ನಡುವಿನ ದಿನಗಳಲ್ಲಿ ನೀವು ಏನು ಮಾಡಬೇಕು?

ಒಂದೇ ಬೀದಿಯ ಇಬ್ಬರು ರೈತರನ್ನು ಮನಸ್ಸಿಗೆ ತಂದುಕೊಳ್ಳಿ. ಮೊದಲನೆಯವನು, "ಕಂಪನಿಯವರು ನೋಡುವ ತನಕ ಒಂದು ಹೆಂಚನ್ನೂ ಮುಟ್ಟಬಾರದು" ಎಂದು ಕೈಕಟ್ಟಿ ಕುಳಿತ. ಎರಡನೆಯ ರಾತ್ರಿಯ ಮಳೆ ತೆರೆದ ಮಾಡಿನಿಂದ ಒಳಗೆ ಸುರಿದು ಹತ್ತು ಮೂಟೆ ರಾಗಿ ನೆನೆಯಿತು, ಮಣ್ಣಿನ ಗೋಡೆ ಕುಸಿಯಿತು. ಎರಡನೆಯವನು ಚುರುಕಿನವನು. ಬೆಳಗಾಗುತ್ತಲೇ ಆಳುಗಳನ್ನು ಕರೆಸಿ, ಒಡೆದ ಹೆಂಚನ್ನೂ ಮುರಿದ ತೊಲೆಯನ್ನೂ ಹಳ್ಳಕ್ಕೆ ಹಾಕಿಸಿ, ಮೂರೇ ದಿನದಲ್ಲಿ ಹೊಸ ಮಾಡು ಹೊದಿಸಿದ. ಕಂಪನಿಯವರು ಬಂದಾಗ ಮೊದಲನೆಯವನಿಗೆ, "ಗೋಡೆ ಬಿದ್ದದ್ದೂ ರಾಗಿ ನೆನೆದದ್ದೂ ನಿಮ್ಮ ಅಲಕ್ಷ್ಯದಿಂದ" ಎಂದರು. ಎರಡನೆಯವನಿಗೆ, "ಇಲ್ಲಿ ನಷ್ಟ ಎಲ್ಲಿದೆ? ತೋರಿಸಿ" ಎಂದರು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸುಳ್ಳು ಹೇಳಿದವರಲ್ಲ. ಆದರೂ ಇಬ್ಬರ ಕೈಗೂ ಹಣ ಪೂರ್ತಿಯಾಗಿ ಬರಲಿಲ್ಲ.

ಇದು ಉದಾಹರಣೆಗೆ ಹೇಳಿದ ಮಾತು. ಆದರೆ ಇಂಥ ತಪ್ಪು ಯಾರಿಂದಲೂ ಆಗಬಹುದು. ಆದ್ದರಿಂದ ಇಂದಿನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ನಷ್ಟ ಹೆಚ್ಚದಂತೆ ಕೂಡಲೇ ತಡೆಯಿರಿ, ತಡೆಯುವ ಮೊದಲು ಚಿತ್ರ ತೆಗೆಯಿರಿ, ತಡೆಯುವುದಕ್ಕೆ ಆದ ಖರ್ಚನ್ನು ಅಂದಂದೇ ಬರೆದಿಡಿ, ಕಾಯಂ ದುರಸ್ತಿಯನ್ನು ಮಾತ್ರ ತಪಾಸಣೆ ಆಗುವ ತನಕ ನಿಲ್ಲಿಸಿ.

ಉಳಿದದ್ದನ್ನು ಉಳಿಸಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯ. ಇದು ಹಡಗಿನ ವ್ಯಾಪಾರದ ಕಾಲದಿಂದ ಬಂದ ನ್ಯಾಯ. ಹಡಗಿಗೆ ನೀರು ನುಗ್ಗಿದಾಗ ವಿಮೆ ಇದೆಯೆಂದು ನಾವಿಕನು ಸುಮ್ಮನೆ ಕೂರುವಂತಿಲ್ಲ, ನೀರು ಮೊಗೆದು ಚೆಲ್ಲಲೇಬೇಕು. ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯಲ್ಲಿ ಈ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದೆ. ಆ ಕಾಯಿದೆ ಹಡಗಿನ ವಿಮೆಗೆ ಸೇರಿದ್ದು. ಆದರೆ ಮನೆಯ ವಿಮೆಯ ಷರತ್ತುಗಳಲ್ಲಿಯೂ ಇದೇ ಮಾತು ಬರುತ್ತದೆ. ವಿಮೆ ಇಲ್ಲದಿದ್ದರೆ ನಿಮ್ಮ ಮನೆಯನ್ನು ಹೇಗೆ ಕಾಯುತ್ತಿದ್ದಿರೋ, ವಿಮೆ ಇದ್ದಾಗಲೂ ಹಾಗೆಯೇ ಕಾಯತಕ್ಕದ್ದು.

ಈಗ ಕೆಲಸದ ಕ್ರಮವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಜೀವ. ಮಕ್ಕಳು, ಮುದುಕರು, ದನಕರುಗಳನ್ನು ಬಿರುಕು ಬಿಟ್ಟ ಗೋಡೆಯಿಂದ ದೂರ ಸಾಗಿಸಿ. ಒದ್ದೆ ಕೈಯಲ್ಲಿ, ನೀರಿನಲ್ಲಿ ನಿಂತು ವಿದ್ಯುತ್ ಗುಂಡಿ ಮುಟ್ಟಬೇಡಿ. ತಂತಿ ಹರಿದು ಬಿದ್ದಿದ್ದರೆ ಲೈನ್‌ಮನ್ನರಿಗೆ ಹೇಳಿಕಳುಹಿಸಿ. ನೀರಿನಲ್ಲಿ ಮುಳುಗಿದ ಪಂಪುಸೆಟ್ಟನ್ನು "ಓಡುತ್ತದೆಯೋ ನೋಡೋಣ" ಎಂದು ಚಾಲೂ ಮಾಡಬೇಡಿ. ಸುತ್ತು ಸುಟ್ಟುಹೋದರೆ ನೆರೆಯಿಂದ ಆದ ನಷ್ಟ ಯಾವುದು, ಆಮೇಲೆ ಆದದ್ದು ಯಾವುದು ಎಂದು ಹೇಳುವುದೇ ಕಷ್ಟವಾಗುತ್ತದೆ.

ಎರಡನೆಯದು ಚಿತ್ರ. ಈಗ ಮನೆಗೊಂದು ಮೊಬೈಲ್ ಫೋನ್ ಇದೆ. ನಿಮ್ಮಲ್ಲಿ ಇಲ್ಲದಿದ್ದರೆ ಓದುವ ಮಕ್ಕಳನ್ನು ಕರೆಯಿರಿ. ಟಾರ್ಪಾಲು ಹಾಕುವ ಮೊದಲು, ಒಂದು ಹೆಂಚನ್ನೂ ಸರಿಸುವ ಮೊದಲು ಚಿತ್ರ ತೆಗೆಯಿರಿ. ಬೀದಿಯಿಂದ ಇಡೀ ಮನೆ ಕಾಣುವಂತೆ ಒಂದು, ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಒಂದು, ನಷ್ಟವಾದ ಜಾಗದ ಹತ್ತಿರದಿಂದ ಒಂದು. ಬಿರುಕಿನ ಪಕ್ಕದಲ್ಲಿ ಶಾಲೆಯ ಮಕ್ಕಳ ಅಳತೆಪಟ್ಟಿಯನ್ನು ಹಿಡಿದರೆ ಅದರ ಅಗಲ ತಿಳಿಯುತ್ತದೆ. ನೆರೆ ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಅದನ್ನು ತೊಳೆಯುವ ಮೊದಲು ನೆಲದಿಂದ ಎಷ್ಟು ಅಡಿ ಎಂದು ಅಳೆದು, ಅಳತೆ ಕಾಣುವಂತೆ ಚಿತ್ರ ತೆಗೆಯಿರಿ. ಪಂಪಿನ ಮೇಲಿನ ಕಂಪನಿಯ ತಗಡಿನಲ್ಲಿ ಅಂಕಿಗಳಿರುತ್ತವೆ, ಅದರದೂ ಒಂದು ಚಿತ್ರವಿರಲಿ. ಹೊದಿಕೆ ಹಾಕುವಾಗ ಒಂದು, ಹಾಕಿದ ಮೇಲೆ ಒಂದು ಚಿತ್ರವನ್ನು ಮೊದಲು ನಿಂತಿದ್ದ ಜಾಗದಲ್ಲಿಯೇ ನಿಂತು ತೆಗೆಯಬೇಕು. ಫೋನಿನ ತಾರೀಖು, ವೇಳೆ ಸರಿಯಿದೆಯೇ ಎಂದು ನೋಡಿಕೊಳ್ಳಿ. ತೆಗೆದ ಚಿತ್ರಗಳನ್ನು ಅದೇ ದಿನ ಬೇರೆ ಊರಿನ ನೆಂಟರೊಬ್ಬರ ಫೋನಿಗೆ ಕಳುಹಿಸಿಡಿ. ಫೋನ್ ನೀರಿಗೆ ಬಿದ್ದರೂ ಚಿತ್ರ ಉಳಿಯುತ್ತದೆ.

ಮೂರನೆಯದು ತಿಳಿಸುವುದು. ವಿಮಾ ಕಂಪನಿಗೆ ಅದೇ ದಿನ ಫೋನ್ ಮಾಡಿ. ಯಾರೊಡನೆ ಮಾತನಾಡಿದಿರಿ, ಎಷ್ಟು ಗಂಟೆಗೆ, ಅವರು ಕೊಟ್ಟ ದೂರಿನ ಸಂಖ್ಯೆ ಏನು ಎಂಬುದನ್ನು ಬರೆದುಕೊಳ್ಳಿ. ಬಾಯಿಮಾತು ಸಾಲದು, ಒಂದು ಪತ್ರವನ್ನೋ ಸಂದೇಶವನ್ನೋ ಕಳುಹಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಆ ಪತ್ರದಲ್ಲಿಯೇ, "ಮಳೆ ಒಳಗೆ ಬಾರದಂತೆ ಮಾಡಿಗೆ ಟಾರ್ಪಾಲು ಹೊದಿಸುತ್ತಿದ್ದೇನೆ, ಗೋಡೆಗೆ ಆಸರೆ ಕೊಡುತ್ತಿದ್ದೇನೆ" ಎಂದು ತಿಳಿಸಿಬಿಡಿ. ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ದಳಕ್ಕೂ, ಕಳವಾಗಿದ್ದರೆ ಪೊಲೀಸ್ ಠಾಣೆಗೂ ತಿಳಿಸಿ ಅವರ ಕಾಗದವನ್ನು ಪಡೆಯಿರಿ.

ನಾಲ್ಕನೆಯದು ತಾತ್ಕಾಲಿಕ ರಕ್ಷಣೆ. ಮಾಡಿಗೆ ಟಾರ್ಪಾಲು, ಗೋಡೆಗೆ ಮರದ ಆಸರೆ, ಮುರಿದ ಬಾಗಿಲಿಗೆ ಹಲಗೆ, ಅಂಗಳದ ನೀರು ಹರಿಯಲು ಕಾಲುವೆ, ಕಾಳಿನ ಮೂಟೆಗಳನ್ನು ಒಣ ಜಾಗಕ್ಕೆ ಸಾಗಿಸುವುದು, ಇವೆಲ್ಲ ಕೂಡಲೇ ಆಗಬೇಕಾದ ಕೆಲಸ. ಗೋಡೆಯನ್ನು ಮತ್ತೆ ಕಟ್ಟುವುದು, ಹೊಸ ತೊಲೆ ಏರಿಸುವುದು ಕಾಯಂ ದುರಸ್ತಿ. ಇದು ತಪಾಸಣೆಯ ನಂತರ. ಗೋಡೆ ಬೀದಿಯ ಮೇಲೆ ಬೀಳುವಂತಿದ್ದರೆ ಕೆಡವಲೇಬೇಕು. ಆಗ ನಾಲ್ಕು ಕಡೆಯಿಂದಲೂ ಚಿತ್ರ ತೆಗೆದು, ಇಬ್ಬರು ನೆರೆಯವರನ್ನು ನಿಲ್ಲಿಸಿ, ಅವರ ರುಜು ಪಡೆದು ಕೆಡವಿರಿ.

ಬಾಗಿಲು ಭದ್ರಪಡಿಸುವ ಮಾತಿಗೆ ಇನ್ನೊಂದು ಕಾರಣವಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಗಂಜಿ ಕೇಂದ್ರಗಳಲ್ಲಿ ಇರಬೇಕಾಯಿತು. ಹೀಗೆ ಬರಿದಾದ ಮನೆಗೆ ಕಳ್ಳರ ಭಯ ಇದ್ದೇ ಇರುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ "ಭಾರತ್ ಗೃಹ ರಕ್ಷಾ" ಎಂಬ ಮನೆಯ ವಿಮೆಯಲ್ಲಿ ಬೆಂಕಿ, ಬಿರುಗಾಳಿ, ನೆರೆ, ಭೂಕುಸಿತ ಮೊದಲಾದವು ಸೇರಿವೆ. ಇಂಥ ಅನಾಹುತದ ಕಾರಣದಿಂದಲೇ, ಅದು ನಡೆದ 7 ದಿನಗಳೊಳಗೆ ಆದ ಕಳವೂ ಸೇರಿದೆ. ಅವಶೇಷಗಳನ್ನು ತೆಗೆಸುವ ಖರ್ಚಿಗೆ ಪರಿಹಾರದ ಮೊತ್ತದ ನೂರಕ್ಕೆ 2ರಷ್ಟರ ತನಕ ಅವಕಾಶವಿದೆ. ಪರಿಹಾರ 1,00,000 ರೂಪಾಯಿ ಎಂದಾದರೆ ಅವಶೇಷ ತೆಗೆಸಿದ್ದಕ್ಕೆ 2,000 ರೂಪಾಯಿಯ ತನಕ ಕೇಳಬಹುದು. ಆದರೆ ರಸೀದಿ ಇಲ್ಲದೆ ಯಾವುದನ್ನು ಕೇಳುತ್ತೀರಿ?

ಆದ್ದರಿಂದ ಐದನೆಯದು ಲೆಕ್ಕದ ಪುಸ್ತಕ. ಮಕ್ಕಳ ಒಂದು ನೋಟುಪುಸ್ತಕ ಸಾಕು. ಅದರಲ್ಲಿ ಹೀಗೆ ಬರೆಯಿರಿ:

"ಜೂನ್ 4. ಬೆಳಿಗ್ಗೆ 6 ಗಂಟೆ. ರಾತ್ರಿಯ ಗಾಳಿಗೆ ತೆಂಕಣ ಮಾಡು ಹಾರಿದೆ. 22 ಚಿತ್ರ ತೆಗೆದೆವು. 8 ಗಂಟೆಗೆ ಕಂಪನಿಗೆ ಫೋನ್. ಟಾರ್ಪಾಲು 2ಕ್ಕೆ 3,600 ರೂಪಾಯಿ, ಬಿಲ್ಲು ಇದೆ. ಹುರಿಹಗ್ಗ 250 ರೂಪಾಯಿ, ಬಿಲ್ಲು ಇದೆ. ಇಬ್ಬರು ಆಳಿಗೆ ಕೂಲಿ 1,200 ರೂಪಾಯಿ, ರುಜು ಇದೆ. ಒಟ್ಟು 5,050 ರೂಪಾಯಿ."

ಇಷ್ಟೇ. ಅಂಗಡಿಯವರ ಬಿಲ್ಲಿನಲ್ಲಿ ನಿಮ್ಮ ಹೆಸರು, ತಾರೀಖು ಇರಲಿ. ಕೂಲಿಯವರು ಬಿಲ್ಲು ಕೊಡುವುದಿಲ್ಲ. ಆದ್ದರಿಂದ ಯಾವ ದಿನ, ಯಾವ ಕೆಲಸ, ಎಷ್ಟು ಹಣ ಎಂದು ಬರೆದು ಅವರ ರುಜು ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಮನೆಯವರೇ ದುಡಿದಿದ್ದರೆ ಎಷ್ಟು ಜನ, ಎಷ್ಟು ಗಂಟೆ ಎಂದು ಬರೆಯಿರಿ. ಈ ಖರ್ಚಿನಲ್ಲಿ ಎಷ್ಟು ಸಲ್ಲುತ್ತದೆ ಎಂಬುದು ನಿಮ್ಮ ಪಾಲಿಸಿಯ ಷರತ್ತಿಗೆ ಸೇರಿದ್ದು. ಬರೆದಿಟ್ಟದ್ದನ್ನು ಕೇಳಬಹುದು, ಬರೆಯದ್ದನ್ನು ಕೇಳುವ ದಾರಿಯೇ ಇಲ್ಲ. ಒಂದು ಎಚ್ಚರಿಕೆಯ ಮಾತು: ಒಂದಕ್ಕೆರಡು ಬರೆಯಕೂಡದು. ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ನಿಜವಾದ ಹತ್ತು ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ, ಕ್ಲೇಮೇ ತಳ್ಳಿಹೋಗಬಹುದು.

ಆರನೆಯದು ಹಾಳಾದ ವಸ್ತುಗಳು. ಒಡೆದ ಹೆಂಚು, ಮುರಿದ ತೊಲೆ, ಸುಟ್ಟ ಸ್ಟಾರ್ಟರ್ ಪೆಟ್ಟಿಗೆ ಇವುಗಳನ್ನು ಹಿತ್ತಲಿನಲ್ಲಿ ಒಂದು ಕಡೆ ಗುಡ್ಡೆ ಹಾಕಿಡಿ. ಕಂಪನಿಯ ಒಪ್ಪಿಗೆಯಿಲ್ಲದೆ ಗುಜರಿಗೆ ಮಾರಬೇಡಿ. ನೆನೆದು ಕೊಳೆತ ಕಾಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆರೋಗ್ಯಕ್ಕೆ ಕೆಟ್ಟದ್ದು. ಅದನ್ನು ಇಬ್ಬರ ಎದುರಿಗೆ ತೂಗಿ, ಮೂಟೆಯ ಎಣಿಕೆ ಬರೆದು, ತಕ್ಕಡಿಯ ಮೇಲಿರುವಾಗಲೇ ಚಿತ್ರ ತೆಗೆದು, ಒಂದು ಸೇರಿನಷ್ಟು ಮಾದರಿಯನ್ನು ಬೇರೆ ಇಟ್ಟು, ಉಳಿದದ್ದನ್ನು ಹೊರಗೆ ಹಾಕಿ. ವಿಮೆ ಮಾಡಿಸಿದ ಹಸುವೋ ಎಮ್ಮೆಯೋ ಸತ್ತಿದ್ದರೆ ಕಿವಿಯ ಬಿಲ್ಲೆಯನ್ನು ಕಳೆಯಬೇಡಿ, ಪಶುವೈದ್ಯರು ಪರೀಕ್ಷಿಸುವ ಮೊದಲು ಹೂಳಬೇಡಿ.

ಏಳನೆಯದು ಸರ್ವೆಯರು ಬಂದಾಗ. ಇವರು ಜಮೀನು ಅಳೆಯುವ ಸರ್ವೆಯರಲ್ಲ, ನಷ್ಟವನ್ನು ಅಳೆಯುವವರು. ಚಿತ್ರಗಳನ್ನು ಮೊದಲು, ನಡುವೆ, ಆಮೇಲೆ ಎಂಬ ಕ್ರಮದಲ್ಲಿ ತೋರಿಸಿ. ಪುಸ್ತಕದ ಮತ್ತು ಬಿಲ್ಲುಗಳ ನಕಲನ್ನು ಕೊಡಿ, ಮೂಲವನ್ನು ಕೇಳಿದರೆ ಪಡೆದದ್ದಕ್ಕೆ ರಸೀದಿ ಬರೆಸಿಕೊಳ್ಳಿ. ಓದದೆ ಖಾಲಿ ಕಾಗದಕ್ಕೆ ರುಜು ಹಾಕಬೇಡಿ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಿ ಹೇಳಬೇಕು. ಗ್ರಾಮ ಆಡಳಿತಾಧಿಕಾರಿಯವರು ಬಂದು ಮಹಜರು ಮಾಡುವುದು ಸರ್ಕಾರದ ಪರಿಹಾರಕ್ಕಾಗಿ. ಅದರಿಂದ ವಿಮಾ ಕಂಪನಿಗೆ ತಿಳಿಸಿದಂತಾಗುವುದಿಲ್ಲ. ಎರಡು ಅರ್ಜಿಯನ್ನೂ ಬೇರೆ ಬೇರೆಯಾಗಿಯೇ ಹಾಕಬೇಕು. ಆದರೆ ಮಹಜರಿನ ಒಂದು ಪ್ರತಿಯನ್ನು ಪಡೆದರೆ ವಿಮೆಗೂ ಒಳ್ಳೆಯ ಸಾಕ್ಷ್ಯವಾಗುತ್ತದೆ. ಇನ್ನು ಬೆಳೆಯ ವಿಮೆಯೇ ಬೇರೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ವಿಕೋಪದಿಂದ ನಿಮ್ಮ ಹೊಲಕ್ಕೆ ನಷ್ಟವಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೆ, ಯೋಜನೆಯಲ್ಲಿ ಹೇಳಿದ ಮಳೆಗಾಳಿಯ ನಷ್ಟಗಳಿಗೆ, ಕೊಯ್ದ 14 ದಿನಗಳ ತನಕ ರಕ್ಷಣೆ ಉಂಟು. ಇದಕ್ಕೆ 14447 ಸಂಖ್ಯೆಗೆ ಖರ್ಚಿಲ್ಲದೆ ಫೋನ್ ಮಾಡಬಹುದು.

ಕಂಪನಿಯವರು ನ್ಯಾಯವಲ್ಲದ ಕಾರಣ ಹೇಳಿ ತಳ್ಳಿಹಾಕಿದರೆ ಎದೆಗುಂದಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಕೊಡಬಹುದು. ನಮ್ಮ ರಾಜ್ಯಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಅವರು ಕೇಳುವುದೂ ಇದೇ ಚಿತ್ರ, ಇದೇ ಬಿಲ್ಲು, ಇದೇ ಪುಸ್ತಕ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದಲ್ಲವೇ? ಹಾಗಾದರೆ ಇಂದು ಸಂಜೆಯೇ ಮೂರು ಕೆಲಸ ಮಾಡಿ. ಪಾಲಿಸಿಯ ಸಂಖ್ಯೆಯನ್ನೂ ಕಂಪನಿಯ ಫೋನನ್ನೂ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಮನೆ, ಕೊಟ್ಟಿಗೆ, ಪಂಪಿನ ಮನೆ ಸುಸ್ಥಿತಿಯಲ್ಲಿರುವಾಗಲೇ ಒಂದೊಂದು ಚಿತ್ರ ತೆಗೆದಿಡಿ. ವಿಮೆ ಇದೆಯೋ ಇಲ್ಲವೋ ತಿಳಿಯದಿದ್ದರೆ, ಮನೆಗೆ ಸಾಲ ಕೊಟ್ಟ ಬ್ಯಾಂಕಿನಲ್ಲಿ ನಾಳೆಯೇ ವಿಚಾರಿಸಿ. ಎಷ್ಟೋ ಸಲ ಸಾಲದ ಜೊತೆಗೆ ವಿಮೆ ಆಗಿರುತ್ತದೆ, ಪಾಲಿಸಿ ಬ್ಯಾಂಕಿನಲ್ಲಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ.

ತಾಯಂದಿರಲ್ಲಿ ಒಂದು ಅರಿಕೆ. ಗಂಡಸರು ಮಾಡಿನ ಮೇಲೆ ಹಗ್ಗ ಕಟ್ಟುತ್ತಿರುವಾಗ ಪುಸ್ತಕ ನಿಮ್ಮ ಕೈಯಲ್ಲಿರಲಿ. ಹಾಲಿನ ಲೆಕ್ಕ, ಸಂಘದ ಕಂತಿನ ಲೆಕ್ಕ ಬರೆದು ಅನುಭವವಿರುವ ನಿಮಗೆ ಇದು ಹೊಸದಲ್ಲ. ಮಳೆಗಾಳಿಯನ್ನು ನಾವು ತಡೆಯಲಾರೆವು. ಅದು ಬಂದು ಹೋದ ಮರುದಿನ ನಮ್ಮ ಕೈಯಲ್ಲಿರುವ ಕೆಲಸವನ್ನು ಸರಿಯಾಗಿ ಮಾಡಿದರೆ, ಬಿದ್ದ ಮನೆ ಮತ್ತೆ ಏಳುವುದು ಸುಲಭವಾಗುತ್ತದೆ.