ಧ್ವಜದ ಚಕ್ರ, ಬೆಟ್ಟದ ಶಾಸನ

1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ರಾಷ್ಟ್ರಧ್ವಜದ ನಡುವೆ ಅಶೋಕನ ಚಕ್ರವಿದೆ. ಮಧುಗಿರಿ ಸೀಮೆಯ ಹಳ್ಳಿಯೊಂದರಲ್ಲಿ ನಾನು ಓದುತ್ತಿದ್ದಾಗ, ಆ ಧ್ವಜಕ್ಕೆ ವಂದಿಸಿದ ಬಳಿಕ ಎಲ್ಲರ ಕೈಗೂ ಪೆಪ್ಪರಮಿಂಟು ಕೊಟ್ಟರು. ದಲಿತ ಕೇರಿಯ ಗೆಳೆಯನ ಅಂಗೈಗೆ ಮಾತ್ರ ಅದು ಮೇಲಿನಿಂದ ಬಿತ್ತು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದು ಆಗಲೇ ವರ್ಷಗಳು ಸಂದಿದ್ದವು. ನಾನೂ ಸುಮ್ಮನೆ ನನ್ನ ಪಾಲನ್ನು ತಿಂದೆ.

ಪಾವಗಡದಿಂದ ವಾಯವ್ಯಕ್ಕೆ ಸಾಗಿದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅದೇ ಅಶೋಕನ ಶಾಸನವಿದೆ. ಧರ್ಮಸಾಧನೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಲಭ್ಯವೆಂದು ಅದು ಸಾರುತ್ತದೆ. ಅಲ್ಲಿರುವ ‘ಇಸಿಲ’ ಎಂಬುದು ಕನ್ನಡ ಶಬ್ದವೇ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಚರ್ಚಿಸಿದೆ. ಗೆಳೆಯನ ಆ ಅಂಗೈ ನೆನಪಾದದ್ದು ನಿವೃತ್ತನಾದ ಮೇಲೆ.